ಒಂಬತ್ತು ಜನಕ್ಕೆ ಹೆಲಿಕಾಪ್ಟರ್

ಗುಂಡ್ಲುಪೇಟೆ ಕಡೆಯ ನಮಗೆ ನೀರೆಂದರೆ ಕೆರೆ, ಹೆಚ್ಚೆಂದರೆ ಕಬಿನಿ. ಕಡಲು, ಹಡಗು ಎಲ್ಲ ಮೊಬೈಲಿನಲ್ಲೇ. 2021ರ ಮೇ ತಿಂಗಳ ಆ ಫೋಟೊ ನಿಮಗೂ ಬಂದಿರಬಹುದು. ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮೂಲ್ಕಿ ಸಮೀಪದ ಬಂಡೆಗಳ ನಡುವೆ ಕೂತುಬಿಟ್ಟ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್. ಸುತ್ತ ಬಿಳಿ ನೊರೆ, ಒಳಗೆ 9 ಮಂದಿ.

ಟಗ್ ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ, ಗಟ್ಟಿ ಹಡಗು. ಕಡಲಿನ ಟ್ರ್ಯಾಕ್ಟರ್ ಅನ್ನಿ. ಇದರ ಯಂತ್ರದ ಕೋಣೆಗೆ ನೀರು ನುಗ್ಗಿತ್ತು. ಎಂಜಿನ್ ಇಲ್ಲ, ಕರೆಂಟ್ ಇಲ್ಲ. ತೇಲುವ ಹಡಗಿನ ಭಾರವನ್ನು ನೀರು ಉದ್ದಕ್ಕೂ ಹಂಚಿಕೊಂಡು ಹೊರುತ್ತದೆ. ಬಂಡೆಯ ಮೇಲೆ ಕೂತರೆ ತಾಗಿದ ಒಂದೆರಡು ಜಾಗವೇ ಅಷ್ಟನ್ನೂ ಹೊರಬೇಕು, ಅದರ ಮೇಲೆ ಪ್ರತಿ ಅಲೆಯೂ ಎತ್ತಿ ಕುಕ್ಕುತ್ತದೆ. ಮೊದಲ ವರ್ಷದಲ್ಲಿ ಬೀಮ್ ಲೆಕ್ಕ ಮಾಡಿದವರಿಗೆ ಉಳಿದದ್ದು ಹೇಳಬೇಕಿಲ್ಲ. ಮೇ 17ರಂದು ಕರಾವಳಿ ಕಾವಲು ಪಡೆಯ ‘ವರಾಹ’ ಹಡಗು, ಕೊಚ್ಚಿಯಿಂದ ಬಂದ ನೌಕಾಪಡೆಯ ಹೆಲಿಕಾಪ್ಟರ್ ಸೇರಿ 9 ಮಂದಿಯನ್ನೂ ಉಳಿಸಿದವು. ಅದೇ ಗಾಳಿಗೆ ಮಗುಚಿದ ‘ಅಲಯನ್ಸ್’ ಟಗ್‌ನವರೆಲ್ಲ ಬದುಕಲಿಲ್ಲ. ಅದರ ಫೋಟೊ ನನಗೆ ಯಾರೂ ಕಳಿಸಲಿಲ್ಲ.

ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಗಿಬ್ಸನ್ ಮನೆತನದವರು 1869ರಿಂದ ತಲೆತಲಾಂತರ ಇಂಥದೇ ಒಡೆದ ಹಡಗುಗಳ ಫೋಟೊ ತೆಗೆದರು. 2013ರಲ್ಲಿ ಗ್ರೀನಿಚ್‌ನ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. ನೋಡಲು ಚೆಂದ, ನಿಜ. ಆದರೆ ನಾನು ನೋಡಿದ ಹೆಚ್ಚಿನವುಗಳಲ್ಲಿ ಹಡಗಿದೆ, ಹಡಗಿನಲ್ಲಿದ್ದವರಿಲ್ಲ.

ಟಗ್ ಫೋಟೊ ಬಂದಾಗ ನಮ್ಮ ಜಿಲ್ಲೆ ಅದನ್ನು ಬೇರೆಯೇ ಕಣ್ಣಿಂದ ನೋಡಿತು. ಎರಡು ವಾರದ ಹಿಂದಷ್ಟೇ, ಮೇ 2ರ ರಾತ್ರಿ, ಚಾಮರಾಜನಗರದ ಆಕ್ಸಿಜನ್ ದುರಂತದಲ್ಲಿ 24 ಜನ ಹೋಗಿದ್ದರು. ಸಿಲಿಂಡರ್ ಬರಬೇಕಿದ್ದುದು ಮೈಸೂರಿನಿಂದ, ಸುಮಾರು 60 ಕಿ.ಮೀ. ದೂರ. ಬಂಡೆಯೂ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ.

“ಒಂಬತ್ ಜನುಕ್ಕೆ ಹೆಲಿಕಾಪ್ಟರ್ ಬಂತು ಕನ ಮಗ, ನಮ್ಗೆ ಒಂದ್ ಲಾರಿ ಬರ್ನಿಲ್ವಲ್ಲ” ಅಂದಿದ್ದಳು ನಮ್ಮಜ್ಜಿ.

ಹೆಲಿಕಾಪ್ಟರ್ ಬಂದದ್ದು ತಪ್ಪು ಅಂತ ಅವಳು ಹೇಳಲಿಲ್ಲ. ಕಡಲಲ್ಲಿ ಅಪಾಯದ ಕರೆಗೆಂದೇ ವಿಎಚ್‌ಎಫ್ 16ನೇ ಚಾನೆಲ್ ಇದೆ. ಹಗಲೂ ರಾತ್ರಿ ಯಾರಾದರೊಬ್ಬರು ಅದಕ್ಕೆ ಕಿವಿಗೊಟ್ಟಿರುತ್ತಾರೆ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಆಕ್ಸಿಜನ್ ಪೈಪಿಗೊಂದು ಪ್ರೆಶರ್ ಸೆನ್ಸರ್ ಕೂರಿಸುತ್ತಿದ್ದೇವೆ. ಒತ್ತಡ ಇಳಿದರೆ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಸರ್ಕ್ಯೂಟ್ ಕೆಲಸ ಮಾಡುತ್ತಿದೆ. ಮೆಸೇಜ್ ಯಾರ ನಂಬರಿಗೆ ಹೋಗಬೇಕು, ಆ ಹೊತ್ತಿನಲ್ಲಿ ಅವರು ಎದ್ದಿರುತ್ತಾರಾ ಅಂತ ನಮ್ಮ ಗೈಡ್ ಕೇಳಿದ್ದಾರೆ. ಆ ಕಾಲಂ ಇನ್ನೂ ಖಾಲಿ ಇದೆ.