ನಾಲ್ಕು ಪೆನ್ಸಿಲ್ ಸೆಲ್ಲಿನ ಕಂಪ್ಯೂಟರ್

ಪ್ರಶ್ನೆ: ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲಿನಲ್ಲೇ ನಡೆಯುವ ನೋಟ್‌ಬುಕ್ ಕಂಪ್ಯೂಟರ್ ಇತ್ತಂತೆ, ನಿಜವೇ?

ಉತ್ತರ: ನಿಜ. 1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಮಳಿಗೆಗಳು ಮಾರಿದ ಟಿಆರ್‌ಎಸ್-80 ಮಾಡೆಲ್ 100ಕ್ಕೆ ಅಂಥ ನಾಲ್ಕು ಸೆಲ್ ಹಾಕಿದರೆ ಸುಮಾರು 20 ಗಂಟೆ ಓಡುತ್ತಿತ್ತು. ಕರೆಂಟು ನುಂಗಲು ಒಳಗೆ ತಿರುಗುವ ಡಿಸ್ಕ್ ಇರಲಿಲ್ಲ, ಪರದೆಯ ಹಿಂದೆ ದೀಪವೂ ಇರಲಿಲ್ಲ. ಎಲ್‌ಸಿಡಿಯಲ್ಲಿ ಕಾಣುತ್ತಿದ್ದದ್ದು 40 ಅಕ್ಷರಗಳ ಎಂಟೇ ಸಾಲು. 80ಸಿ85 ಪ್ರೊಸೆಸರ್ ಕೂಡ ಮಿತವ್ಯಯಿ. ಬರೆದದ್ದೆಲ್ಲ ರ‍್ಯಾಮ್‌ನಲ್ಲೇ ಇರುತ್ತಿತ್ತು. ಸೆಲ್ ಬದಲಿಸುವಾಗ ಅಳಿಸಿಹೋಗದಂತೆ ಒಳಗಿನ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಯುತ್ತಿತ್ತು. ಅಗ್ಗದ ಮಾದರಿಗೆ ಬರೀ 8 ಕಿಲೋಬೈಟ್! ಕೀಲಿಮಣೆ ಮಾತ್ರ ಪೂರ್ಣ ಗಾತ್ರದ್ದು. ನನ್ನ ಮಟ್ಟಿಗೆ ಅದೇ ಇದರ ಹೆಚ್ಚುಗಾರಿಕೆ. ಜೊತೆಗೆ ಮೋಡೆಮ್ ಬೇರೆ. ಊರೂರು ಸುತ್ತುವ ವರದಿಗಾರರು ಫೋನ್ ಲೈನಿಗೆ ಜೋಡಿಸಿ ಸುದ್ದಿ ಕಳಿಸುತ್ತಿದ್ದರು, ಸೆಕೆಂಡಿಗೆ ಸುಮಾರು 30 ಅಕ್ಷರದಂತೆ.