ಡಿಫೆಂಡರ್‌ಗೆ ವಿದೇಶದ ದಾರಿ: ನಂಬಿದ್ದೇನು, ನಿಜವೇನು

"ಹುಡುಗ ಎತ್ತರ ಅದಾನ, ಕಾಲಾಗ ಕಸುವು ಐತಿ. ಈಗಿಂದನ ಫಾರಿನ್ನಿಗೆ ಕಳಿಸಿದ್ರ ದೊಡ್ಡ ಆಟಗಾರ ಆಗ್ತಾನ." ಇಂಥ ಮಾತು ಬಾಗಲಕೋಟೆಯ ನವನಗರದಲ್ಲೂ ಇಳಕಲ್ಲಿನಲ್ಲೂ ಈಗ ಕಿವಿಗೆ ಬೀಳುತ್ತದೆ. ಕುಸ್ತಿ, ಕಬಡ್ಡಿ, ಸೈಕಲ್ ಓಟಕ್ಕೆ ಹೆಸರಾದ ಸೀಮೆಯಲ್ಲಿ ಫುಟ್‌ಬಾಲ್ ಆಸೆ ಚಿಗುರುವುದು ನನಗೆ ಬಹಳ ಸಂತೋಷದ ಸಂಗತಿ. ಆದರೆ ಈ ಆಸೆಗೆ ಕೆಲವು ತಪ್ಪು ಕಲ್ಪನೆಗಳು ಅಂಟಿಕೊಂಡಿವೆ, ಅವಕ್ಕೆ ಮನೆಯವರು ದುಡ್ಡು ತೆರಬೇಕಾಗುತ್ತದೆ.

ಎಲ್ಲಕ್ಕಿಂತ ಅಪಾಯದ ಕಲ್ಪನೆ ವಯಸ್ಸಿನದು. ಹದಿನಾಲ್ಕು, ಹದಿನೈದಕ್ಕೇ ಹುಡುಗನನ್ನು ಯುರೋಪಿನ ಕ್ಲಬ್ಬಿಗೆ ಸೇರಿಸಬಹುದು ಎಂದು ಅನೇಕರು ನಂಬಿದ್ದಾರೆ. ಆದರೆ ಫಿಫಾ ನಿಯಮಾವಳಿಯ 19ನೆಯ ವಿಧಿ 18 ವರ್ಷ ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವುದನ್ನು ನಿಷೇಧಿಸುತ್ತದೆ. ವಿನಾಯಿತಿಗಳು ಕೆಲವೇ. ತಂದೆತಾಯಿ ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಅದು ಒಂದು. ಐರೋಪ್ಯ ಒಕ್ಕೂಟದ ಒಳಗೇ 16 ದಾಟಿದವರ ವರ್ಗಾವಣೆ ಇನ್ನೊಂದು. ಹುನಗುಂದದ ಹತ್ತನೆಯ ತರಗತಿ ಹುಡುಗನಿಗೆ ಇವೆರಡೂ ಅನ್ವಯಿಸುವುದಿಲ್ಲ. ಹೀಗಿರುವಾಗ "ಸೀಟು ಹಿಡಿದಿಟ್ಟೇನಿ, ಮುಂಗಡ ಕೊಡ್ರಿ" ಎನ್ನುವ ಮನುಷ್ಯ ಏನು ಮಾರುತ್ತಿದ್ದಾನೆ? ಹೆಚ್ಚೆಂದರೆ ಕೆಲವು ವಾರಗಳ ಶಿಬಿರ. ಶಿಬಿರಕ್ಕೆ ಹೋಗಿ ಬರುವುದು ತಪ್ಪಲ್ಲ, ಆದರೆ ಅದು ಕ್ಲಬ್ಬಿನ ನೋಂದಣಿಯಲ್ಲ. ಏಜೆಂಟ್ ಎಂದು ಹೇಳಿಕೊಳ್ಳುವವರಿಗೆ ಫಿಫಾ ಪರವಾನಗಿ ಕಡ್ಡಾಯ, ಪರವಾನಗಿ ಪಡೆದವರ ಹೆಸರು ಫಿಫಾ ಜಾಲತಾಣದಲ್ಲೇ ಸಿಗುತ್ತದೆ. ಹೊಲ ಅಡವಿಡುವ ಮೊದಲು ಆ ಹೆಸರು ಹುಡುಕಿ ನೋಡಿ.

"ಆಟ ಚೊಲೋ ಇದ್ರ ಕಾಗದಪತ್ರ ತಾವ ಆಗ್ತಾವ" ಎಂಬುದು ಇನ್ನೊಂದು ನಂಬಿಕೆ. ಇದಕ್ಕೆ ಉತ್ತರ ಭಾರತದ ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಅವರ ಬದುಕಿನಲ್ಲಿದೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರೊಂದಿಗೆ ಮೂರು ವರ್ಷದ ಒಪ್ಪಂದಕ್ಕೆ ಮುಂದಾಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಫಿಫಾ ಶ್ರೇಯಾಂಕದ ಮೊದಲ 70ರೊಳಗೆ ಇರಬೇಕೆಂಬುದು ಆಗಿನ ನಿಯಮ. ಭಾರತ ಇಲ್ಲಿಯವರೆಗೆ ಏರಿದ ಅತ್ಯುತ್ತಮ ಸ್ಥಾನ 1996ರ 94. ಈಗ ಬ್ರಿಟನ್‌ನಲ್ಲಿ ಅಂಕ ಪದ್ಧತಿ ಬಂದಿದೆ. ರಾಷ್ಟ್ರೀಯ ತಂಡಕ್ಕೆ ಎಷ್ಟು ಆಡಿದ್ದಾನೆ, ಯಾವ ಮಟ್ಟದ ಲೀಗಿನಲ್ಲಿ ಎಷ್ಟು ನಿಮಿಷ ಆಡಿದ್ದಾನೆ ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಒಬ್ಬ ಡಿಫೆಂಡರ್‌ನ ವೀಸಾ ಅವನ ಕಾಲಿನ ಜೊತೆಗೆ ಇಡೀ ದೇಶದ ಫುಟ್‌ಬಾಲಿನ ಮಟ್ಟವನ್ನೂ ನೆಚ್ಚಿಕೊಂಡಿದೆ.

ಹೋಗಿ ಬೇಗ ಮರಳಿದವರನ್ನು ಸೋತವರೆಂದು ಕರೆಯುವುದು ನನಗೆ ಅತ್ಯಂತ ನೋವು ತರುವ ತಪ್ಪು. ಸಂದೇಶ್ ಝಿಂಗನ್ ಅವರನ್ನೇ ತೆಗೆದುಕೊಳ್ಳಿ. ಚಂಡೀಗಢದ ಈ ಸೆಂಟರ್ ಬ್ಯಾಕ್ 2011ರಲ್ಲಿ ಯುನೈಟೆಡ್ ಸಿಕ್ಕಿಂ ಕ್ಲಬ್ಬಿನಿಂದ ಶುರು ಮಾಡಿದವರು. ಆರು ವರ್ಷ ಕೇರಳ ಬ್ಲಾಸ್ಟರ್ಸ್‌ನಲ್ಲಿದ್ದರು. 2019ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದು ಒಂದು ಋತು ಪೂರ್ತಿ ಹೋಯಿತು. ಎದ್ದು ನಿಂತು, 2021ರ ಆಗಸ್ಟ್‌ನಲ್ಲಿ, 28ನೆಯ ವಯಸ್ಸಿನಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಕ್ಲಬ್ ಸೇರಿದರು. ಹೋದ ಹೊಸದರಲ್ಲೇ ಗಾಯ. ಒಂದು ಲೀಗ್ ಪಂದ್ಯವನ್ನೂ ಆಡದೆ 2022ರ ಜನವರಿಯಲ್ಲಿ ಭಾರತದ ಎಟಿಕೆ ಮೋಹನ್ ಬಗಾನ್‌ಗೆ ಮರಳಿದರು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡವರು ಮುಂದಿನದನ್ನು ನೋಡಬೇಕು. ಅದೇ ವರ್ಷ ಬೆಂಗಳೂರು ಎಫ್‌ಸಿ ಸೇರಿ ಡುರಾಂಡ್ ಕಪ್ ಗೆದ್ದರು. 2023ರ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿದ ಭಾರತ ತಂಡದ ಹಿಂಬದಿಯ ಆಧಾರ ಅವರೇ. ಡಿಫೆಂಡರ್‌ನ ವೃತ್ತಿ ಒಂದು ಊರಿಗೆ ಹೋಗಿ ಬಂದುದರ ಮೇಲೆ ತೀರ್ಮಾನವಾಗುವುದಿಲ್ಲ.

ಹೊರದೇಶದಲ್ಲಿ ದುಡ್ಡು ಹೆಚ್ಚು ಎಂಬ ಮಾತೂ ಹಾಗೆಯೇ. ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಮುಂಚೂಣಿ ಡಿಫೆಂಡರ್‌ಗೆ ಇಲ್ಲಿ ಸಿಗುತ್ತಿದ್ದ ಸಂಬಳ ಯುರೋಪಿನ ಸಣ್ಣ ಕ್ಲಬ್ಬುಗಳು ಕೊಡುತ್ತಿದ್ದುದಕ್ಕಿಂತ ಕಡಿಮೆಯೇನಿರಲಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ 15 ದಿನದ ನೋಟಿಸ್ ಕೊಟ್ಟು ಒಪ್ಪಂದ ಬಿಡಬಹುದೆಂದು ಫಿಫಾ ಆಟಗಾರರಿಗೆ ಹಕ್ಕು ಕೊಟ್ಟಿದೆ. ಸಂಬಳ ನಿಲ್ಲುವುದು ಹೊರದೇಶಗಳಲ್ಲೂ ಇದೆ ಎಂಬುದಕ್ಕೆ ಆ ನಿಯಮವೇ ಸಾಕ್ಷಿ.

ಆಟದ ಬಗ್ಗೆಯೂ ಒಂದು ಮಾತು. ಚೆಂಡಿನ ಚಳಕವಿಲ್ಲದ ಗಟ್ಟಿಮುಟ್ಟಾದ ಹುಡುಗನನ್ನು ಹಿಂದೆ ನಿಲ್ಲಿಸುವುದು ನಮ್ಮ ಶಾಲಾ ಮೈದಾನಗಳ ರೂಢಿ. ಆದರೆ 1992ರಲ್ಲಿ, ಜೊತೆಗಾರ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂತು. 2019ರಿಂದ ಗೋಲ್ ಕಿಕ್ಕನ್ನು ಜೊತೆಗಾರ ಪೆನಾಲ್ಟಿ ಆವರಣದೊಳಗೇ ಪಡೆಯಬಹುದು. ಹೀಗಾಗಿ ಎದುರಾಳಿ ಮೈಮೇಲೆ ಬರುತ್ತಿರುವಾಗ ಎರಡೂ ಕಾಲಿನಿಂದ ಚೆಂಡು ದಾಟಿಸುವುದು ಇಂದು ಡಿಫೆಂಡರ್‌ನ ಮೊದಲ ಕೆಲಸ. ಎತ್ತರವೂ ಕಡ್ಡಾಯವಲ್ಲ, 2006ರಲ್ಲಿ ಬ್ಯಾಲನ್ ಡಿ'ಓರ್ ಗೆದ್ದ ಇಟಲಿಯ ಫಾಬಿಯೊ ಕನ್ನವಾರೊ 1.76 ಮೀಟರ್‌ನವರು. ನಮ್ಮಲ್ಲಿ ಎರೆ ನೆಲದ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಜಾರಿ ಚೆಂಡು ಕಸಿಯಲು ಹೋದರೆ ತೊಡೆಯ ಚರ್ಮ ಕಿತ್ತುಬರುತ್ತದೆ. ಹಾಗಾಗಿ ನಮ್ಮ ಹುಡುಗರು ನಿಂತೇ ಎದುರಾಳಿಯನ್ನು ತಡೆಯಲು ಕಲಿಯುತ್ತಾರೆ. ಇದನ್ನು ಕೊರತೆ ಎನ್ನಬೇಡಿ, ಒಳ್ಳೆಯ ಡಿಫೆಂಡರ್ ನೆಲಕ್ಕೆ ಬೀಳುವುದೇ ಕಡಿಮೆ.

ಹಾಗಾದರೆ ದಾರಿ ಎಲ್ಲಿದೆ? ಹಿಂದೆ ಬೆಂಗಳೂರಿನ ರೈಟ್ ಬ್ಯಾಕ್ ಇಲ್ಯಾಸ್ ಪಾಷಾ ಅವರಂಥವರಿಗೆ ಕೋಲ್ಕತ್ತವೇ ಪರದೇಶ. ತೊಂಬತ್ತರ ದಶಕದಲ್ಲಿ ಈಸ್ಟ್ ಬೆಂಗಾಲ್ ಪರ ಆಡಿ ಅಲ್ಲಿನ ಜನರ ಪ್ರೀತಿ ಗಳಿಸಿದರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಆಟಗಾರರು ರಾಜ್ಯ ತಂಡದ ಅಂಗಿ ತೊಟ್ಟೇ ಹೊರದೇಶದ ಮೈದಾನಕ್ಕೆ ಇಳಿದರು. ಬಾದಾಮಿಯ ಹುಡುಗನಿಗೂ ದಾರಿ ಇದೇ: ಜಿಲ್ಲೆ, ಬೆಂಗಳೂರಿನ ಲೀಗು, ರಾಜ್ಯ ತಂಡ, ರಾಷ್ಟ್ರೀಯ ಲೀಗು, ಆಮೇಲೆ ವಿಮಾನ.

ಆ ದಾರಿಯ ಮೊದಲ ಮೆಟ್ಟಿಲು ನೋಂದಣಿ, ನಮ್ಮ ಕಡೆ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಒಪ್ಪಂದದ ನಡುವೆ ಆಟಗಾರನನ್ನು ಹೊರದೇಶಕ್ಕೆ ಹಣಕ್ಕೆ ವರ್ಗಾಯಿಸಿದಾಗ ಅದರ 5 ಪ್ರತಿಶತ ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗೆ ವರ್ಷಕ್ಕೆ ಕಾಲು ಪ್ರತಿಶತ. 1 ಕೋಟಿ ರೂಪಾಯಿಯ ವರ್ಗಾವಣೆಯಾದರೆ ಆ ನಾಲ್ಕು ವರ್ಷ ಸಾಕಿದ ಇಳಕಲ್ಲಿನ ಕ್ಲಬ್ಬಿಗೆ 1 ಲಕ್ಷ ರೂಪಾಯಿ. ಆದರೆ ಕ್ಲಬ್ ಫುಟ್‌ಬಾಲ್ ಸಂಸ್ಥೆಗೆ ಸೇರಿರಬೇಕು, ಹುಡುಗನ ಹೆಸರು ಆ ವರ್ಷಗಳಲ್ಲಿ ಅದರ ದಾಖಲೆಯಲ್ಲಿರಬೇಕು.