ಕಲಬೆರಕೆ ಎಂದು ಬಿಟ್ಟದ್ದೇ ರೋಗಾಣು

1976ರ ಜುಲೈ ಕೊನೆಯ ವಾರ. ಫಿಲಡೆಲ್ಫಿಯಾದ ಬೆಲ್ಲೆವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಸಮಾವೇಶ ಮುಗಿಸಿ ಊರಿಗೆ ಮರಳಿದ್ದ ‘ಅಮೆರಿಕನ್ ಲೀಜನ್’ ಸಂಘದ ಮಾಜಿ ಸೈನಿಕರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಜ್ವರ, ಕೆಮ್ಮು, ಎದೆನೋವು, ಕೊನೆಗೆ ನಿಮೋನಿಯಾ. ಒಟ್ಟು 221 ಮಂದಿ ಕಾಯಿಲೆ ಬಿದ್ದರು, 34 ಮಂದಿ ತೀರಿಕೊಂಡರು. ಹೋಟೆಲಿನೊಳಕ್ಕೆ ಕಾಲಿಡದೆ ಎದುರಿನ ಬ್ರಾಡ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಹಾದುಹೋದವರೂ ಅವರಲ್ಲಿದ್ದರು. ವಿಚಿತ್ರವೆಂದರೆ, ರೋಗಿಗಳ ಪಕ್ಕದಲ್ಲೇ ಇದ್ದು ಆರೈಕೆ ಮಾಡಿದ ಮನೆಯವರಿಗೆ ಅದು ಅಂಟಲಿಲ್ಲ.

ಆ ವರ್ಷ ಅಮೆರಿಕವನ್ನು ಹಂದಿಜ್ವರದ ಭಯ ಕಾಡುತ್ತಿತ್ತು. ಇದು ಅದಲ್ಲವೆಂದು ಬೇಗನೆ ಖಚಿತವಾಯಿತು. ನಿಕ್ಕಲ್ ವಿಷವಿರಬಹುದೆಂಬ ಅನುಮಾನವೂ ನಿಲ್ಲಲಿಲ್ಲ. ಗಿರಾಕಿಗಳು ಬಾರದೆ ನವೆಂಬರಿನಲ್ಲಿ ಹೋಟೆಲೇ ಬಾಗಿಲು ಹಾಕಿತು.

ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿಯಿದ್ದರು. ಅವರಿಗೆ ವಹಿಸಿದ್ದ ಕೆಲಸ ಸೀಮಿತವಾದದ್ದು: ಇದು ಕ್ಯೂ ಜ್ವರವೇ ಎಂದು ನೋಡಿ ಹೇಳುವುದು. ಸತ್ತವರ ಶ್ವಾಸಕೋಶದ ಅಂಶವನ್ನು ಗಿನಿ ಪಿಗ್‌ಗಳಿಗೆ ಚುಚ್ಚಿದರು. ಅವಕ್ಕೆ ಜ್ವರ ಬಂತು. ಅವುಗಳ ಅಂಗಾಂಶದ ಸ್ಲೈಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡವು. ಎಲ್ಲಿಂದಲೋ ಸೇರಿಕೊಂಡ ಕಲಬೆರಕೆ ಇರಬೇಕೆಂದು ಬದಿಗಿಟ್ಟರು. ಮುಂದೆ ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸಲು ನೋಡಿದಾಗ, ವಾಡಿಕೆಯಂತೆ ಬೇಡದ ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಆಂಟಿಬಯಾಟಿಕ್ ಸೇರಿಸಿದ್ದರು. ಮೊಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಬೇಕಾಗಿದ್ದ ಜೀವಿಯನ್ನೇ ಆ ಔಷಧ ತಡೆದಿತ್ತು.

ಕ್ರಿಸ್‌ಮಸ್ ಸಮಯದ ಒಂದು ಪಾರ್ಟಿಯಲ್ಲಿ ಯಾರೋ ಒಬ್ಬರು, ಇಷ್ಟು ಜನ ಸತ್ತರೂ ನಿಮ್ಮ ಕೈಲಿ ಏನೂ ಆಗಲಿಲ್ಲವಲ್ಲ ಎಂದು ಅವರನ್ನು ತರಾಟೆಗೆ ತೆಗೆದುಕೊಂಡರು. ಮಾತು ನಾಟಿತು. ಹೊಸ ವರ್ಷಕ್ಕೆ ಮುಂಚಿನ ರಜೆಯ ದಿನಗಳಲ್ಲಿ ಮೆಕ್‌ಡೇಡ್ ಹಳೆಯ ಸ್ಲೈಡುಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಂಗುಲ ಅಂಗುಲವಾಗಿ ಹುಡುಕಿದರು. ಹಸಿರು ಛಾಯೆಯ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಒಂದೆಡೆ ಗುಂಪಾಗಿ ಕಂಡವು. ಕಲಬೆರಕೆಯಾದರೆ ಅಂಗಾಂಶದೊಳಗೆ ಹೀಗೆ ಗುಂಪುಗೂಡುವುದೇಕೆ?

ಈ ಸಲ ಮೊಟ್ಟೆಗೆ ಆಂಟಿಬಯಾಟಿಕ್ ಹಾಕಲಿಲ್ಲ. ಬ್ಯಾಕ್ಟೀರಿಯಾ ಬೆಳೆಯಿತು. ಬದುಕುಳಿದ ರೋಗಿಗಳ ರಕ್ತದ ಸೀರಮ್ಮನ್ನು ಅದಕ್ಕೆ ತಾಗಿಸಿ, ಪ್ರತಿಕಾಯ ಅಂಟಿಕೊಂಡರೆ ಹೊಳೆಯುವಂಥ ಬಣ್ಣ ಹಾಕಿ ನೋಡಿದರು. ಹೊಳೆಯಿತು. ಕಾಯಿಲೆಯ ಮೊದಲ ದಿನಗಳ ಸೀರಮ್ಮಿಗಿಂತ ಚೇತರಿಕೆಯ ಕಾಲದ ಸೀರಮ್ಮಿನಲ್ಲಿ ಪ್ರತಿಕಾಯ ಎಷ್ಟೋ ಹೆಚ್ಚಿತ್ತು. ಮೆಕ್‌ಡೇಡ್ ಮತ್ತು ಅವರ ಮುಖ್ಯಸ್ಥ ಚಾರ್ಲ್ಸ್ ಶೆಪರ್ಡ್ ಅವರ ಶೋಧವನ್ನು 1977ರ ಜನವರಿ 18ರಂದು ಪ್ರಕಟಿಸಲಾಯಿತು. 1979ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ‘ಲೀಜಿಯೊನೆಲ್ಲಾ ನ್ಯೂಮೊಫಿಲಾ’ ಎಂದು ಹೆಸರಿಟ್ಟರು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಮುಂದಿನ ಸಂಗತಿ. ಕಾರಣ ತಿಳಿಯದೆ ಉಳಿದಿದ್ದ ಹಳೆಯ ಪ್ರಕರಣಗಳ ಸೀರಮ್ಮನ್ನು ಯಾರೋ ಪುಣ್ಯಾತ್ಮರು ಎಸೆಯದೆ ಫ್ರೀಜರಿನಲ್ಲಿ ಉಳಿಸಿದ್ದರು. 1965ರ ವಾಷಿಂಗ್ಟನ್ ಆಸ್ಪತ್ರೆಯ ನಿಮೋನಿಯಾ, 1968ರ ಪಾಂಟಿಯಾಕ್ ನಗರದ ಜ್ವರ, ಎರಡೂ ಇದೇ ಬ್ಯಾಕ್ಟೀರಿಯಾದ ಕೆಲಸವೆಂದು ಆಗ ಗೊತ್ತಾಯಿತು. ರೋಗ ಹೊಸದಾಗಿರಲಿಲ್ಲ.

ಹಾಗಾದರೆ ಈ ಬ್ಯಾಕ್ಟೀರಿಯಾದ ವಾಸ ಎಲ್ಲಿ? ಫಿಲಡೆಲ್ಫಿಯಾದಲ್ಲಿ ಸಂಶಯ ಹೋದದ್ದು ಹೋಟೆಲಿನ ಹವಾನಿಯಂತ್ರಣದ ಮೇಲೆ. 1980ರಲ್ಲಿ ಇಂಗ್ಲೆಂಡಿನಿಂದ ಎರಡು ಉತ್ತರಗಳು ಬಂದವು. ನೀರಿನಲ್ಲಿರುವ ಅಮೀಬಾಗಳ ಹೊಟ್ಟೆಯೊಳಗೇ ಈ ಬ್ಯಾಕ್ಟೀರಿಯಾ ಬದುಕಿ ಹೆಚ್ಚುತ್ತದೆಂದು ಟಿಮೊಥಿ ರೋಬೋಥಮ್ ತೋರಿಸಿದರು. ಆಕ್ಸ್‌ಫರ್ಡಿನಲ್ಲಿ ಜಾನ್ ಟೋಬಿನ್ ಮತ್ತು ಸಂಗಡಿಗರು ಕಿಡ್ನಿ ಕಸಿ ವಿಭಾಗದ ರೋಗಿಗಳಿಗೆ ತಗುಲಿದ್ದ ಇದೇ ಸೋಂಕಿನ ಜಾಡು ಹಿಡಿದು ಹೊರಟು, ಅಲ್ಲಿನ ಸ್ನಾನದ ಶವರಿನಲ್ಲೇ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು.

ಪೈಪಿನ ಒಳಗೋಡೆಯ ಲೋಳೆ, ಶವರ್ ತಲೆಯಲ್ಲಿ ಕಟ್ಟಿದ ಸುಣ್ಣ, ಓಡಾಟವಿಲ್ಲದೆ ನಿಂತ ಉಗುರುಬೆಚ್ಚಗಿನ ನೀರು: ಇವೇ ಅದರ ಮನೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಶವರಿನಿಂದೇಳುವ ಕಣ್ಣಿಗೆ ಕಾಣದ ಹನಿಗಳು ಉಸಿರಿನೊಂದಿಗೆ ಶ್ವಾಸಕೋಶದ ತಳ ಮುಟ್ಟುತ್ತವೆ. ಬಹುತೇಕರಿಗೆ ಏನೂ ಆಗುವುದಿಲ್ಲ. ವಯಸ್ಸಾದವರು, ಧೂಮಪಾನಿಗಳು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ.

ನಮ್ಮ ಮನೆಗಳಲ್ಲೂ ಬಿಸಿಲಿಗೆ ಕಾದ ಓವರ್‌ಹೆಡ್ ಟ್ಯಾಂಕು, ಕರೆಂಟ್ ಉಳಿಸಲು ಬೆಚ್ಚಗಷ್ಟೇ ಇಟ್ಟ ಗೀಸರು ಉಂಟು. ಗೀಸರಿನ ನೀರು 60 ಡಿಗ್ರಿ ಮುಟ್ಟಲಿ. ಮೈಗೆ ಹಾಕಿಕೊಳ್ಳುವಾಗ ತಣ್ಣೀರು ಬೆರೆಸಿಕೊಳ್ಳಿ. ರಜೆ ಮುಗಿಸಿ ಬಂದಾಗ ಬಚ್ಚಲಿನ ಕಿಟಕಿ ತೆರೆದು ಶವರ್ ಬಿಟ್ಟು, ಕೆಲವು ನಿಮಿಷ ಆಚೆ ನಿಲ್ಲಿ. ಇನ್ನೊಂದು ಮಾತು: ಈ ನಿಮೋನಿಯಾಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಅಜಿತ್ರೊಮೈಸಿನ್‌ನಂಥ ಔಷಧಗಳು ಬೇಕು. ಮನೆಯಲ್ಲಿ ಯಾರಿಗಾದರೂ ನಿಮೋನಿಯಾ ಬಂದರೆ, ಹಿಂದಿನ ಎರಡು ವಾರಗಳಲ್ಲಿ ಅವರು ಹೋಟೆಲ್, ಲಾಡ್ಜ್ ಅಥವಾ ಆಸ್ಪತ್ರೆಯಲ್ಲಿ ತಂಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ.